ಹೂಳು ಹೇರುವ ಮೊದಲು ಹೊಲದ ಮಣ್ಣು ಹಿಚುಕಿ ನೋಡಿ

ಮಾರ್ಚ್ ಮುಗಿಯುತ್ತಿದ್ದಂತೆ ನಮ್ಮ ಜತ್ತ, ಅಕ್ಕಲಕೋಟ ಕಡೆಯ ಕೆರೆಗಳ ತಳ ಕಾಣತೊಡಗುತ್ತದೆ. ಜೆಸಿಬಿ ಕೆಳಗಿಳಿಯುತ್ತದೆ, ದಂಡೆಯ ಮೇಲೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಅನ್ನುವ ಯೋಜನೆ ತಂದ ಮೇಲೆ ಈ ಕೆಲಸಕ್ಕೆ ಇನ್ನಷ್ಟು ಜೋರು ಬಂತು. ಗಾಳ ಅಂದರೆ ನಮ್ಮ ಹೂಳು. ಕೆರೆಯಿಂದ ಹೂಳು ತೆಗೆದರೆ ಕೆರೆಯಲ್ಲಿ ನೀರಿಗೆ ಜಾಗ ಆಗುತ್ತದೆ, ಅದೇ ಹೂಳು ಹೊಲಕ್ಕೆ ಬಿದ್ದರೆ ಹೊಲ ಸುಧಾರಿಸುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಒಂದೇ ಮಾತಿಗೆ: ಹೊಲ ಯಾವುದಾದರೂ ಇರಲಿ, ಎಷ್ಟಾದರೂ ಇರಲಿ, ಕರಿ ಮಣ್ಣು ಬಿದ್ದರೆ ಸಾಕು ಅನ್ನುವ ಮಾತಿಗೆ.

ಹೂಳು ಪುಕ್ಕಟೆ ಸಿಕ್ಕರೂ ಅದನ್ನು ತರುವುದು, ಹರಡುವುದು ಪುಕ್ಕಟೆ ಆಗುವುದಿಲ್ಲ. ಬೀಜಕ್ಕೆ, ಗೊಬ್ಬರಕ್ಕೆ ಅಂತ ಮನೆಯಲ್ಲಿ ಎತ್ತಿಟ್ಟ ದುಡ್ಡೇ ಅದಕ್ಕೂ ಹೋಗುತ್ತದೆ. ಆದ್ದರಿಂದ ಟ್ರ್ಯಾಕ್ಟರ್ ಬಾಡಿಗೆಯ ಮಾತು ಶುರುವಾಗುವ ಮೊದಲೇ ನಿಮ್ಮ ಹೊಲದ ಮಣ್ಣಿನ ಕಣ ಎಂಥದು ಅಂತ ಯಾರಾದರೂ ನೋಡಬೇಕು. ಆ ಕೆಲಸ ನೀವೇ ಮಾಡಬೇಕು ಅಂತ ನನ್ನ ಅಭಿಪ್ರಾಯ. ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ಇದು ಕಷ್ಟದ್ದಲ್ಲ. ಬೇಕಾಗುವುದು ಒಂದು ಬಾಟಲಿ, ಒಂದು ಸಲಿಕೆ, ಎರಡು ದಿನದ ತಾಳ್ಮೆ.

ಪರೀಕ್ಷೆಯಲ್ಲಿ ಮಣ್ಣಿನ ವಿಧಗಳನ್ನು ಕೇಳಿದರೆ ಕಪ್ಪು, ಕೆಂಪು, ಜಂಬಿಟ್ಟಿಗೆ, ಮೆಕ್ಕಲು ಅಂತ ಬರೆಯುತ್ತೀರಿ. ಅಂಕ ಸಿಗುತ್ತದೆ. ಆದರೆ ಬಣ್ಣ ನೀರನ್ನು ಹಿಡಿಯುವುದಿಲ್ಲ, ಹಿಡಿಯುವುದು ಕಣ. ಮಣ್ಣಿನಲ್ಲಿ ದೊಡ್ಡ ಕಣ ಎಷ್ಟು, ನಡುಗಾತ್ರದ್ದು ಎಷ್ಟು, ತೀರಾ ಸಣ್ಣದು ಎಷ್ಟು ಅನ್ನುವ ಪಾಲಿಗೆ ಕನ್ನಡ ಪುಸ್ತಕಗಳಲ್ಲಿ ‘ಕಣ ವಿನ್ಯಾಸ’ ಅನ್ನುತ್ತಾರೆ. ನಮ್ಮ ಭಾಗದಲ್ಲಿ ಕೃಷಿ ಇಲಾಖೆಯ ಕಾಗದ ಮರಾಠಿಯಲ್ಲಿ ಬರುತ್ತದೆ, ಅದರಲ್ಲಿ ‘ಜಮೀನಿಚಾ ಪೋತ’ ಅಂತ ಇರುತ್ತದೆ. ಬಟ್ಟೆಗೂ ಅದೇ ಶಬ್ದ. ನನಗೇನೋ ಆ ಶಬ್ದವೇ ಹೆಚ್ಚು ಇಷ್ಟ. ಅಂಗಡಿಯಲ್ಲಿ ಅವ್ವ ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡುತ್ತಾಳಲ್ಲ, ಮಣ್ಣನ್ನೂ ಹಾಗೇ ತಿಳಿಯಬೇಕು.

2 ಮಿಲಿಮೀಟರಿಗಿಂತ ಸಣ್ಣದಾದ ಕಣವೆಲ್ಲ ಈ ಲೆಕ್ಕದಲ್ಲಿ ಬರುತ್ತದೆ. ಅದಕ್ಕಿಂತ ದೊಡ್ಡದು ಹರಳು, ಗರಸು. 2ರಿಂದ 0.05 ಮಿ.ಮೀ.ವರೆಗಿನದು ಮರಳು, ನಮ್ಮ ಮಾತಿನಲ್ಲಿ ಉಸುಕು. 0.05ರಿಂದ 0.002 ಮಿ.ಮೀ.ವರೆಗಿನದು ಗೋಡು, ಒಣಗಿದಾಗ ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. 0.002ಕ್ಕಿಂತ ಸಣ್ಣದು ಜೇಡಿ. (ಬೇರೆ ಪದ್ಧತಿಯಲ್ಲಿ ಮರಳಿನ ಗಡಿ 0.02 ಅಂತ ಇರುತ್ತದೆ. ಎರಡು ಪುಸ್ತಕದಲ್ಲಿ ಎರಡು ಅಂಕಿ ಕಂಡರೆ ಗಾಬರಿಯಾಗಬೇಡಿ.)

ಗಾತ್ರ ಸಣ್ಣದಾದರೆ ಏನಾಗುತ್ತದೆ? ಒಂದು ಲೆಕ್ಕ ಮಾಡಿ. 1 ಸೆಂಟಿಮೀಟರ್ ಬದಿಯ ಒಂದು ಘನಕ್ಕೆ ಆರು ಮುಖ, ಒಟ್ಟು ಮೇಲ್ಮೈ 6 ಚದರ ಸೆಂ.ಮೀ. ಅದನ್ನು 1 ಮಿ.ಮೀ. ಘನಗಳಾಗಿ ಕತ್ತರಿಸಿದರೆ ಸಾವಿರ ತುಂಡು, ಮೇಲ್ಮೈ 60 ಚದರ ಸೆಂ.ಮೀ. ಜೇಡಿಯ ಗಾತ್ರಕ್ಕೆ, ಅಂದರೆ 0.001 ಮಿ.ಮೀ.ಗೆ ಕತ್ತರಿಸಿದರೆ 60,000 ಚದರ ಸೆಂ.ಮೀ. ಆಗುತ್ತದೆ, ಅಂದರೆ 6 ಚದರ ಮೀಟರ್. ಒಂದು ಸಣ್ಣ ಕೋಣೆಯ ನೆಲದಷ್ಟು ಜಾಗ ನಿಮ್ಮ ಉಗುರಿನ ಅಗಲದ ಮಣ್ಣಿನಲ್ಲಿ ಅಡಗಿರುತ್ತದೆ. ನೀರು ಅಂಟಿಕೊಳ್ಳುವುದು ಈ ಮೇಲ್ಮೈಗೆ. ನಮ್ಮ ಎರಿ ಮಣ್ಣಿನಲ್ಲಿ ಜೇಡಿ ಶೇ. 30ಕ್ಕಿಂತ ಹೆಚ್ಚು, ಎಷ್ಟೋ ಕಡೆ 50 ದಾಟುತ್ತದೆ.

ಇನ್ನು ಶಾಲೆಯಲ್ಲಿ ಮಾಡುವ ಪ್ರಯೋಗ ನೆನಪು ಮಾಡಿಕೊಳ್ಳಿ. ಮೂರು ಲಾಳಿಕೆಯಲ್ಲಿ ಮೂರು ಥರದ ಮಣ್ಣು, ಮೇಲೆ ಅಷ್ಟಷ್ಟೇ ನೀರು. ಉಸುಕಿನಿಂದ ಬೇಗ ಸೋರುತ್ತದೆ, ಎರಿಯಿಂದ ತಡವಾಗಿ, ಅದೂ ಸ್ವಲ್ಪವೇ. ‘ಕಪ್ಪು ಮಣ್ಣು ಹೆಚ್ಚು ನೀರನ್ನು ಹಿಡಿದುಕೊಳ್ಳುತ್ತದೆ, ಆದ್ದರಿಂದ ಬೆಳೆಗೆ ಉತ್ತಮ’ ಅಂತ ಬರೆದು ವಹಿ ಮುಚ್ಚುತ್ತೀರಿ. ಈ ವಾಕ್ಯದ ಮೊದಲರ್ಧ ಖರೆ. ‘ಆದ್ದರಿಂದ’ ಅನ್ನುವ ಶಬ್ದದ ಮೇಲೆ ನನಗೆ ಸಿಟ್ಟಿದೆ.

ಹಿಡಿಯುವುದು ಬೇರೆ, ಕೊಡುವುದು ಬೇರೆ. ಜೇಡಿ ನೀರನ್ನು ಗಟ್ಟಿಯಾಗಿ ಅಪ್ಪಿಕೊಂಡಿರುತ್ತದೆ. ಬೇರು ಅದನ್ನು ಎಳೆಯಬೇಕು. ಸಾಧಾರಣ ಬೆಳೆಯ ಬೇರು ವಾಯುಮಂಡಲದ ಒತ್ತಡದ 15 ಪಟ್ಟು ಬಲದಲ್ಲಿ ಎಳೆಯಬಹುದು ಅಂತ ಲೆಕ್ಕ ಹಿಡಿಯುತ್ತಾರೆ. ಅದಕ್ಕೂ ಬಗ್ಗದ ನೀರು ಮಣ್ಣಿನಲ್ಲೇ ಉಳಿಯುತ್ತದೆ, ಗಿಡ ಬಾಡುತ್ತದೆ. ಈ ಹಂತಕ್ಕೆ ಬಾಡುವ ಬಿಂದು ಅಂತ ಹೆಸರು. ಸ್ಥೂಲ ಅಂಕಿಯಲ್ಲಿ ಹೇಳುತ್ತೇನೆ. ಒಂದು ಮೀಟರ್ ಆಳದ ಜೇಡಿ ಮಣ್ಣು, ಹೆಚ್ಚಿನ ನೀರೆಲ್ಲ ಇಳಿದುಹೋದ ಮೇಲೂ, 400 ಮಿ.ಮೀ. ಮಳೆಯಷ್ಟು ನೀರನ್ನು ಹಿಡಿದಿರುತ್ತದೆ. ಅದರಲ್ಲಿ 250 ಮಿ.ಮೀ. ಬೇರಿಗೆ ಸಿಗುವುದೇ ಇಲ್ಲ, ಸಿಗುವುದು 150. ಮರಳು, ಗೋಡು, ಜೇಡಿ ಮೂರೂ ಹದವಾಗಿ ಬೆರೆತ ಗೋಡುಮಣ್ಣು ಹಿಡಿಯುವುದೇ 270, ಬಾಡುವ ಬಿಂದುವಿನಲ್ಲಿ ಉಳಿಯುವುದು 120. ಸಿಗುವ ಲೆಕ್ಕ ಅಲ್ಲೂ 150! ಬರೀ ಉಸುಕಾದರೆ 100 ಹಿಡಿದು 50-60 ಕೊಡುತ್ತದೆ. ಗಳಿಸುವುದು ಎಷ್ಟೇ ಇರಲಿ, ಮನೆಗೆ ಕೊಡುವುದು ಎಷ್ಟು ಅಂತ ಕೇಳುತ್ತಾರಲ್ಲ, ಹಾಗೆ.

ಬರಗಾಲದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜೂನ್‌ನಲ್ಲಿ 20 ಮಿ.ಮೀ. ಮಳೆ ಬಿತ್ತು ಅಂತ ತಿಳಿಯಿರಿ. ಒಣಗಿದ ಎರಿ ಮಣ್ಣು ನೆನೆಯಲು ತನ್ನ ಗಾತ್ರದ ಶೇ. 20ರಷ್ಟು ನೀರು ಬೇಕು ಅಂದುಕೊಂಡರೆ ಆ ಮಳೆ 10 ಸೆಂ.ಮೀ. ಆಳಕ್ಕೆ ಮುಗಿಯಿತು. ಉಸುಕು ಮಿಶ್ರಿತ ಮಣ್ಣಿಗೆ ಶೇ. 8 ಸಾಕು ಅಂದರೆ ಅದೇ ಮಳೆ 25 ಸೆಂ.ಮೀ. ಇಳಿಯುತ್ತದೆ. ಮೇಲಿನ ನಾಲ್ಕು ಬೆರಳು ಮಣ್ಣನ್ನು ನಮ್ಮ ಬಿಸಿಲು ಎರಡು-ಮೂರು ದಿನದಲ್ಲಿ ಒಣಗಿಸಿಬಿಡುತ್ತದೆ. ಹಗುರ ಹೊಲದಲ್ಲಿ ಬೇರಿನ ಬುಡಕ್ಕೆ ಇನ್ನೂ ಹಸಿ ಉಳಿದಿರುತ್ತದೆ, ಎರಿಯಲ್ಲಿ ಉಳಿಯುವುದಿಲ್ಲ. ಜತ್ತ ಕಡೆ ಮುಂಗಾರಿಯಲ್ಲಿ ಸಜ್ಜಿ, ಹುರಳಿ, ಮಡಕಿ ಎಲ್ಲ ಹಗುರ ಹೊಲಕ್ಕೆ ಬೀಳುವುದು, ಎರಿ ಹೊಲ ಹಿಂಗಾರಿಗೆ ಕಾಯುತ್ತಾ ಕೂಡುವುದು ಸುಮ್ಮನೆ ಅಲ್ಲ. ಮುತ್ಯಾ ಶೇಕಡಾ ಲೆಕ್ಕ ಮಾಡದೇ ಈ ಲೆಕ್ಕ ಹಾಕಿದ್ದ.

ಹಾಗಾದರೆ ಎರಿಯ ಹೆಚ್ಚುಗಾರಿಕೆ ಎಲ್ಲಿದೆ? ಆಳದಲ್ಲಿದೆ. ಸೆಪ್ಟೆಂಬರಿನ ದೊಡ್ಡ ಮಳೆಗಳು ಬಿದ್ದಾಗ ಬಿರುಕುಗಳೇ ಕಾಲುವೆಯಾಗಿ ನೀರನ್ನು ಕೆಳಗೆ ಒಯ್ಯುತ್ತವೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ಗಂಟೆಗೆ 1ರಿಂದ 5 ಮಿ.ಮೀ.ಗಿಂತ ಹೆಚ್ಚು ಇಳಿಯುವುದಿಲ್ಲ, ಉಳಿದದ್ದು ಹರಿದು ಹೋಗುತ್ತದೆ. ಒಡ್ಡು ಕಟ್ಟಿರುವುದು ಅದನ್ನು ನಿಲ್ಲಿಸಲಿಕ್ಕೇ. ಒಂದೂವರೆ ಮೀಟರ್ ಆಳದ ಎರಿಯಲ್ಲಿ ಬೆಳೆಗೆ ಸಿಗುವ ನೀರೇ 200 ಮಿ.ಮೀ. ಮೇಲೆ. ಜೋಳ ದಿನಕ್ಕೆ 4 ಮಿ.ಮೀ. ಕುಡಿದರೂ 50 ದಿನ ನಡೆಯುತ್ತದೆ. ಎಳೆ ಬೆಳೆ ಅಷ್ಟು ಕುಡಿಯುವುದಿಲ್ಲ, ಅಕ್ಟೋಬರಿನಲ್ಲಿ ಒಂದೆರಡು ಮಳೆ ಕೂಡಿಕೊಂಡರೆ ಫೆಬ್ರವರಿಯ ತೆನೆಯವರೆಗೆ ಎಳೆದುಕೊಂಡು ಹೋಗುತ್ತದೆ. ಸೊಲ್ಲಾಪುರ ಜಿಲ್ಲೆಯ ಮೊಹೋಳ ಕೇಂದ್ರದಲ್ಲಿ ಆರಿಸಿದ ಮಾಲ್ದಂಡಿ ಜೋಳ, ಎಂ 35-1, ಗಡಿಯ ಎರಡೂ ಕಡೆ ಇವತ್ತಿಗೂ ರೊಟ್ಟಿಯಾಗುತ್ತಿರುವುದು ಈ ಸಂಗ್ರಹದ ಮೇಲೆ.

ಒಣಬೇಸಾಯದ ಸಂಶೋಧನೆಗೆ ಅಂತ 1930ರ ದಶಕದ ಆರಂಭದಲ್ಲಿ ದೇಶದಲ್ಲಿ ಆರಿಸಿದ ಜಾಗಗಳಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ ಇದ್ದವು. ಈಗಿನ ರಾಜ್ಯಗಳ ಗೆರೆ ಬೀಳುವ ಮೊದಲಿನ ಮಾತು. ಮಣ್ಣಿನ ಗೆರೆ ಬೇರೆಯೇ ಇದೆ, ಆದವಾನಿ ಕಡೆಯ ಎರಿ ಹೊಲದವರಿಗೆ ನಾನು ಹೇಳುತ್ತಿರುವುದು ಪರಕೀಯ ಅನ್ನಿಸಲಿಕ್ಕಿಲ್ಲ. ಜೋಳದಲ್ಲಿ ಎಡೆ ಹೊಡೆಯುವುದನ್ನು ಬರೀ ಕಸ ತೆಗೆಯುವ ಕೆಲಸ ಅಂದುಕೊಳ್ಳಬೇಡಿ. ಕುಂಟಿ ಹಾಯಿಸಿದಾಗ ಬಿರುಕಿನ ಬಾಯಿ ಪುಡಿಮಣ್ಣಿನಿಂದ ಮುಚ್ಚುತ್ತದೆ. ತೆರೆದ ಬಿರುಕೆಂದರೆ ಕೆಳಗಿನ ಹಸಿಗೆ ಹೊರಗೆ ಹೋಗಲು ತೆರೆದಿಟ್ಟ ಬಾಗಿಲು.

ಈಗ ಹಗುರ ಹೊಲದ ಮಾತು. ಕನ್ಯೆ ನೋಡಲು ಬಂದವರು “ಎರಿ ಎಷ್ಟ ಎಕರೆ ಐತ್ರಿ?” ಅಂತ ಕೇಳುತ್ತಾರೆ. ಗರಸು ಹೊಲದವರ ಮುಖ ಅಲ್ಲೇ ಬಾಡುತ್ತದೆ. ಕ್ಲಾಸಿನಲ್ಲೂ ‘ನಮ್ಮದು ಖರಾಬು ಜಮೀನು ಸರ್’ ಅನ್ನುವ ಹುಡುಗರಿದ್ದಾರೆ. ಖರಾಬು ಅನ್ನುವ ಶಬ್ದ ವಿಜ್ಞಾನದ್ದಲ್ಲ. ಮಣ್ಣು 20 ಸೆಂ.ಮೀ. ಮಾತ್ರ ಇದ್ದು ಕೆಳಗೆ ಗರಸಿದ್ದರೆ ಅಲ್ಲಿ ಬೆಳೆಗೆ ಸಿಗುವ ನೀರು 20 ಮಿ.ಮೀ. ಅಂತ ಹಿಡಿಯಿರಿ, ಐದು ದಿನದ ಊಟ. ಆ ಹೊಲಕ್ಕೆ ವಾರಗಟ್ಟಲೆ ಬಿಟ್ಟು ಒಮ್ಮೆಲೇ ಹೊಲ ತುಂಬ ನೀರು ಹಾಯಿಸಿದರೆ ಬೋರಿನ ನೀರು ಬೇರು ದಾಟಿ ಕೆಳಗೆ ಹೋಗುತ್ತದೆ, ಹಾಕಿದ ಯೂರಿಯಾವನ್ನೂ ತೊಳೆದುಕೊಂಡು ಹೋಗುತ್ತದೆ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಬೇಕು. ಹನಿ ನೀರಾವರಿ ಹಗುರ ಮಣ್ಣಿಗೆ ಹೇಳಿ ಮಾಡಿಸಿದ್ದು. ದಾಳಿಂಬೆಗಂತೂ ನೀರು ನಿಲ್ಲದ ಹಗುರ, ನಡುತರದ ಮಣ್ಣೇ ಬೇಕು. ಆಳವಾದ ಎರಿಯಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗದೆ ಗಿಡ ಸೊರಗುತ್ತದೆ. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೊಲ್ಲಾಪುರದಲ್ಲೇ ಇದೆ ಅನ್ನುವುದು ನಿಮಗೆ ಗೊತ್ತಿರಲಿ. ಜೋಳಕ್ಕೆ ಕೆಳದರ್ಜೆ ಅನ್ನಿಸಿಕೊಂಡ ನೆಲದ ಮೇಲೆ ಬಾಗು ಬೆಳೆಸಿದವರು ನಮ್ಮ ಸುತ್ತಲೇ ಇದ್ದಾರೆ. ಅದು ಸಲೀಸು ಅಂತ ನಾನು ಹೇಳುವುದಿಲ್ಲ, ಬೋರು ಒಣಗಿದ ವರ್ಷ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಪರೀಕ್ಷೆ ಹೇಗೆ ಮಾಡುವುದು? ಮೊದಲು ಕೈ. ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ. ಉಂಡೆಯೇ ಆಗದೆ ಉದುರಿದರೆ ಉಸುಕು. ಉಂಡೆಯಾದರೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿ ಹೊರಡಿಸಿ. 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡುಮಣ್ಣು, 2.5ರಿಂದ 5ರವರೆಗೆ ಬಂದರೆ ಜೇಡಿ ಮಿಶ್ರಿತ ಗೋಡು, 5 ದಾಟಿ ಜೋತುಬಿದ್ದರೆ ಜೇಡಿ. ಬೆರಳಿಗೆ ಕರಕರ ಅಂದರೆ ಮರಳು ಇದೆ, ಜಾರಿದ ಹಾಗಾದರೆ ಗೋಡು, ಬಿಡದೆ ಅಂಟಿದರೆ ಜೇಡಿ. ಹತ್ತು ಹೊಲದ ಮಣ್ಣು ಹಿಚುಕಿದ ಮೇಲೆ ಬೆರಳು ತಪ್ಪು ಹೇಳುವುದು ಕಡಿಮೆಯಾಗುತ್ತದೆ.

ಆಮೇಲೆ ಬಾಟಲಿ. ನೆಟ್ಟಗಿನ ಗೋಡೆಯ ಪಾರದರ್ಶಕ ಬಾಟಲಿಯ ಮೂರನೇ ಒಂದು ಪಾಲು ಮಣ್ಣು ತುಂಬಿ. ಅದಕ್ಕೂ ಮೊದಲು ಹೆಂಟೆ ಒಡೆದು, ಹರಳು, ಬೇರು ತೆಗೆದು ಜರಡಿ ಹಿಡಿದಿರಬೇಕು. ಅರ್ಧ ಚಮಚ ಬಟ್ಟೆ ಒಗೆಯುವ ಪುಡಿ, ಕುತ್ತಿಗೆಯವರೆಗೆ ನೀರು. ಪುಡಿ ಯಾಕೆ? ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಿರುತ್ತವೆ, ಗುಂಪು ಒಡೆಯದಿದ್ದರೆ ಅವು ಗೋಡಿನ ಜೊತೆಗೇ ಕೆಳಗೆ ಬಿದ್ದು ಲೆಕ್ಕ ತಪ್ಪಿಸುತ್ತವೆ. ಹತ್ತು ನಿಮಿಷ ಚೆನ್ನಾಗಿ ಅಲ್ಲಾಡಿಸಿ ಇಟ್ಟುಬಿಡಿ. ಒಂದು ನಿಮಿಷಕ್ಕೆ ಕೂತದ್ದು ಮರಳು, ಪೆನ್ನಿನಿಂದ ಗುರುತು ಮಾಡಿ. ಎರಡು ತಾಸಿಗೆ ಕೂತದ್ದು ಗೋಡು, ಇನ್ನೊಂದು ಗುರುತು. ಜೇಡಿಗೆ ಒಂದೆರಡು ದಿನ ಬಿಡಿ. ಮೂರು ಪದರದ ಎತ್ತರ ಅಳೆದು ಶೇಕಡಾ ತೆಗೆಯಿರಿ. ನಮ್ಮ ಎರಿ ನೀರಿನಲ್ಲಿ ಉಬ್ಬುವ ಜಾತಿಯದು, ಆದ್ದರಿಂದ ಜೇಡಿಯ ಪದರ ಇರುವುದಕ್ಕಿಂತ ಸ್ವಲ್ಪ ದಪ್ಪ ಕಾಣುತ್ತದೆ. ಹೊಲ ಹೊಲಕ್ಕೆ ಹೋಲಿಸಲು ಅಷ್ಟು ಸಾಕು.

ಕಾಸರಗೋಡಿನ ಓದುಗರಿಗೆ ಇಲ್ಲೊಂದು ಎಚ್ಚರಿಕೆ. ಬಾಟಲಿ ಜೇಡಿ ಎಷ್ಟು ಅಂತ ಹೇಳುತ್ತದೆ, ಯಾವ ಜೇಡಿ ಅಂತ ಹೇಳುವುದಿಲ್ಲ. ನಮ್ಮ ಎರಿಯಲ್ಲಿರುವುದು ಮಾಂಟ್‌ಮೊರಿಲೊನೈಟ್ ಬಳಗದ್ದು, ಹೀರಿ ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ನಿಮ್ಮ ಮುರಕಲ್ಲಿನ ಮಣ್ಣಿನಲ್ಲಿರುವುದು ಹೆಚ್ಚಾಗಿ ಕೆಯೊಲಿನೈಟ್, ಉಬ್ಬುವುದಿಲ್ಲ. ಕಬ್ಬಿಣದ ಆಕ್ಸೈಡು ಅದನ್ನು ಪುಟ್ಟ ಪುಟ್ಟ ಹರಳಾಗಿ ಬೆಸೆದಿರುತ್ತದೆ, ಅದಕ್ಕೇ ಜೇಡಿ ಇದ್ದೂ ನೀರು ಸರ್ರನೆ ಇಳಿಯುತ್ತದೆ. ಅಷ್ಟು ಮಳೆ ಬಿದ್ದೂ ಬೇಸಿಗೆಯಲ್ಲಿ ತೋಟಕ್ಕೆ ನೀರಿಲ್ಲ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ಮಾತ್ರ ಜಿನುಗುತ್ತದೆ ಅನ್ನುವುದರ ಹಿಂದೆ ಈ ಗುಣವೂ ಇದೆ. ತಾಳವಾಡಿ, ಹೊಸೂರು ಕಡೆಯ ಕೆಂಪು ಮಣ್ಣಿನವರು ನಿಮ್ಮ ಬಾಟಲಿಯನ್ನು ನಮ್ಮದರ ಪಕ್ಕ ಇಟ್ಟು ನೋಡಿದರೆ ಮರಳಿನ ಪದರವೇ ಕಥೆ ಹೇಳೀತು.

ಮತ್ತೆ ಹೂಳಿಗೆ ಬರೋಣ. ಸಲಿಕೆ ತೆಗೆದುಕೊಂಡು ಹೊಲದಲ್ಲಿ ಎರಡು-ಮೂರು ಕಡೆ ಮೊಳಕಾಲುದ್ದ ಗುಂಡಿ ತೋಡಿ, ಗರಸು ಎಷ್ಟು ಕೆಳಗೆ ಸಿಗುತ್ತದೆ ಅಂತ ಅಳೆಯಿರಿ. ಗುಂಡಿ ಪೂರ್ತಿ ಕರಿ ಮಣ್ಣೇ ಇದ್ದು ಪಟ್ಟಿ ಜೋತುಬೀಳುತ್ತಿದ್ದರೆ ಆ ಹೊಲಕ್ಕೆ ಹೂಳು ಹೇರುವುದು ದುಡ್ಡಿನ ದಂಡ. ಜೇಡಿಗೆ ಜೇಡಿ ಸೇರಿಸಿ ಏನು ಸಾಧಿಸಿದ ಹಾಗಾಯಿತು? ಅಲ್ಲಿ ಬೇಕಾದದ್ದು ತಿಪ್ಪೆ ಗೊಬ್ಬರ ಮತ್ತು ನಿಂತ ನೀರು ಹೊರಗೆ ಹೋಗುವ ದಾರಿ. ಗೇಣು ಆಳಕ್ಕೇ ಗರಸು ತಾಗಿದರೆ, ಪಟ್ಟಿ ಬಾರದಿದ್ದರೆ, ಹೂಳು ಆ ಹೊಲದ್ದು.

ಎಷ್ಟು? ಇದನ್ನು ನೀವೇ ಲೆಕ್ಕ ಮಾಡಿ ಮನೆಯಲ್ಲಿ ತೋರಿಸಬೇಕು. ಒಂದು ಎಕರೆ 43,560 ಚದರ ಅಡಿ. ಒಂದು ಇಂಚು ದಪ್ಪ ಹರಡಲು 3,630 ಘನ ಅಡಿ ಬೇಕು. ಒಂದು ಬ್ರಾಸ್ ಅಂದರೆ 100 ಘನ ಅಡಿ, ಅಲ್ಲಿಗೆ 36 ಬ್ರಾಸ್. ಹೂಳಿನಲ್ಲಿ ಜೇಡಿ ಶೇ. 50, ಹೊಲದಲ್ಲಿ 15 ಅಂತ ಹಿಡಿಯಿರಿ. ಆರು ಇಂಚು ಆಳಕ್ಕೆ ಬೆರೆಸಿದರೆ ಒಂದು ಪಾಲು ಹೂಳಿಗೆ ಐದು ಪಾಲು ಹಳೇ ಮಣ್ಣು, ಜೇಡಿ 21ರ ಹತ್ತಿರ ಬರುತ್ತದೆ. ಇದು ಲೆಕ್ಕಕ್ಕೆ ಸಿಗುವ ಬದಲಾವಣೆ, ಮೇಲೆ ಒಂದು ಇಂಚು ಆಳವೂ ಸಿಕ್ಕಿತು. ಅದೇ 36 ಬ್ರಾಸನ್ನು ಆರು ಎಕರೆಗೆ ಹಂಚಿದರೆ ಎಕರೆಗೆ ಆರು, ದಪ್ಪ 4 ಮಿ.ಮೀ., ಜೇಡಿ 15ರಿಂದ 16ಕ್ಕೆ. ಮೇಲಿಂದ ನೋಡಿದರೆ ಹೊಲವೆಲ್ಲ ಕರ್ರಗೆ ಕಾಣುತ್ತದೆ, ನೀರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಏನೂ ಆಗಿರುವುದಿಲ್ಲ. ದುಡ್ಡು ಇದ್ದಷ್ಟರಲ್ಲಿ ಒಂದೇ ಎಕರೆಯನ್ನು ಸರಿಯಾಗಿ ಮಾಡಿ, ಉಳಿದದ್ದಕ್ಕೆ ಮುಂದಿನ ವರ್ಷ ನೋಡಿ ಅಂತ ನಾನು ಹೇಳುವೆ. ಕಾಕಾ ಒಪ್ಪಲಿಕ್ಕಿಲ್ಲ, ಪಾಲಿನ ಹೊಲ ಅಂದರೆ ಎಲ್ಲರ ಹೊಲಕ್ಕೂ ಸಮಸಮ ಬೀಳಬೇಕು ಅನ್ನುತ್ತಾರೆ. ಆಗ ವಹಿಯಲ್ಲಿರುವ ಈ ಲೆಕ್ಕ ತೋರಿಸಿ.

ಹೂಳು ಅಂದರೆ ಎಲ್ಲವೂ ಒಂದೇ ಅಲ್ಲ. ನಿಮ್ಮ ಬಾಟಲಿಯಲ್ಲಿ ಏನಾಯಿತೋ ಕೆರೆಯಲ್ಲೂ ಅದೇ ಆಗಿರುತ್ತದೆ. ಹಳ್ಳ ಕೆರೆಗೆ ಸೇರುವ ಬಾಯಲ್ಲಿ ನೀರಿನ ಓಟ ಕಡಿಮೆಯಾದ ಕೂಡಲೇ ಭಾರದ ಉಸುಕು ಕೂಡುತ್ತದೆ, ಸಣ್ಣ ಜೇಡಿ ತೇಲಿಕೊಂಡು ಬಂದು ಒಡ್ಡಿನ ಹತ್ತಿರದ ನಿಂತ ನೀರಿನಲ್ಲಿ ಇಳಿಯುತ್ತದೆ. ಜೆಸಿಬಿಯವರು ರಸ್ತೆಗೆ ಹತ್ತಿರ ಇರುವ ಕಡೆಯಿಂದ ತುಂಬಿಕೊಡುತ್ತಾರೆ. ಅದು ಹಳ್ಳದ ಬಾಯಿಯಾಗಿದ್ದರೆ ನೀವು ಉಸುಕಿನ ಹೊಲಕ್ಕೆ ಉಸುಕನ್ನೇ ಹೊತ್ತುಕೊಂಡು ಬಂದ ಹಾಗೆ. ಕೆರೆಯ ಅಂಚಿನಲ್ಲಿ ಒಣಗಿದ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಸವಳಿನ ಸಂಶಯವೂ ಇರಲಿ. ಅಂಥ ಕಡೆಯ ಅರ್ಧ ಕಿಲೋ ಹೂಳನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಲವಣಾಂಶ, ಪಿಎಚ್ ನೋಡಿಸಬೇಕು, ಬಾಟಲಿಗೆ ಅದು ತಿಳಿಯುವುದಿಲ್ಲ. ಈ ಸಲ ಕೆರೆ ಬತ್ತಿದ ಕೂಡಲೇ ಒಡ್ಡಿನ ಕಡೆಯದೊಂದು, ಹಳ್ಳದ ಬಾಯಿಯದೊಂದು, ನಿಮ್ಮ ಹೊಲದ್ದೊಂದು ಹೀಗೆ ಮೂರು ಬಾಟಲಿ ಸಾಲಾಗಿ ಕಿಟಕಿಯಲ್ಲಿಡಿ. ಎರಡು ದಿನಕ್ಕೆ ಪದರ ಬೀಳುತ್ತದೆ, ಆಮೇಲೆ ಟ್ರ್ಯಾಕ್ಟರಿನವನ ಹತ್ತಿರ ಬಾಡಿಗೆ ಮಾತಾಡಬಹುದು.